ತೂಕ ಇಳಿಸುವಾಗ ಸ್ನಾಯು ಉಳಿಸಿಕೊಳ್ಳುವುದು ಹೇಗೆ?

‘ಸ್ನಾಯು ಬೆಳೆಸಿಕೊಳ್ಳಿ, ಆಮೇಲೆ ಕುಳಿತಲ್ಲೇ ಕ್ಯಾಲೊರಿ ಕರಗುತ್ತದೆ’ ಎಂಬ ಮಾತನ್ನು ಜಿಮ್‌ಗೆ ಹೆಸರು ಬರೆಸಲು ಹೋದವರೆಲ್ಲ ಕೇಳಿರುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದರಲ್ಲಿರುವ ನಿಜವನ್ನು ತೂಗಿ ನೋಡಿದರೆ ಒಂದು ಚಮಚ ಸಕ್ಕರೆಯಷ್ಟೂ ಆಗುವುದಿಲ್ಲ. ಹಾಗಿದ್ದರೂ ತೂಕ ಇಳಿಸಹೊರಟವರು ವಾರಕ್ಕೆ ಎರಡು ಮೂರು ದಿನವಾದರೂ ಭಾರ ಎತ್ತಲೇಬೇಕು ಎಂಬುದು ನನ್ನ ವಾದ. ಅದಕ್ಕೆ ಕಾರಣ ಬೇರೆ ಇದೆ. ಮೊದಲು ಲೆಕ್ಕ ನೋಡೋಣ, ಆಮೇಲೆ ಮಾಡಬೇಕಾದದ್ದನ್ನು ಒಂದೊಂದಾಗಿ ಹೇಳುತ್ತೇನೆ. (ಇಲ್ಲಿ ಕ್ಯಾಲೊರಿ ಎಂದಾಗಲೆಲ್ಲ ಬಿಸ್ಕತ್ ಪೊಟ್ಟಣದ ಮೇಲೆ ಬರೆದಿರುವ ಕಿಲೊಕ್ಯಾಲೊರಿ ಎಂದೇ ಅರ್ಥ.)

ಕುಳಿತಲ್ಲೇ ಕರಗುವುದು ಎಷ್ಟು?

ನಾವು ಕದಲದೆ ಮಲಗಿದ್ದರೂ ದೇಹ ಶಕ್ತಿಯನ್ನು ಖರ್ಚು ಮಾಡುತ್ತಲೇ ಇರುತ್ತದೆ. ಹಾಗೆ ಸುಮ್ಮನಿರುವಾಗ ಒಂದು ಕೆ.ಜಿ. ಸ್ನಾಯು ದಿನಕ್ಕೆ ಸುಮಾರು 13 ಕ್ಯಾಲೊರಿ ಬಳಸುತ್ತದೆ. ಒಂದು ಕೆ.ಜಿ. ಕೊಬ್ಬು ಬಳಸುವುದು ನಾಲ್ಕೂವರೆ. ಅಂದರೆ ಎರಡು ಕೆ.ಜಿ. ಕೊಬ್ಬು ಕರಗಿ ಅದರ ಜಾಗದಲ್ಲಿ ಎರಡು ಕೆ.ಜಿ. ಸ್ನಾಯು ಬಂದಿತೆನ್ನಿ (ಅದಕ್ಕೆ ಹಲವು ತಿಂಗಳ ಶ್ರಮ ಬೇಕು), ದಿನದ ಖರ್ಚು ಹೆಚ್ಚುವುದು ಬರೀ 17 ಕ್ಯಾಲೊರಿ. ಕಾಫಿಗೆ ಹಾಕುವ ಒಂದು ಚಮಚ ಸಕ್ಕರೆಯಲ್ಲಿ 20 ಕ್ಯಾಲೊರಿ ಇರುತ್ತದೆ.

ಹಾಗಾದರೆ ಸುಮ್ಮನಿರುವಾಗ ಶಕ್ತಿ ಎಲ್ಲಿಗೆ ಹೋಗುತ್ತದೆ? ಹೆಚ್ಚಿನ ಪಾಲು ನಮ್ಮ ಕೈಯಲ್ಲಿಲ್ಲದ ಅಂಗಗಳಿಗೆ. ಯಕೃತ್ತು ಕೆ.ಜಿ.ಗೆ ಸುಮಾರು 200, ಮಿದುಳು 240, ಹೃದಯ ಮತ್ತು ಮೂತ್ರಪಿಂಡಗಳು ತಲಾ 440 ಕ್ಯಾಲೊರಿ ತೆಗೆದುಕೊಳ್ಳುತ್ತವೆ. ದೇಹದ ತೂಕದಲ್ಲಿ ಈ ನಾಲ್ಕರ ಪಾಲು ಶೇ 5–6ರಷ್ಟೇ ಇದ್ದರೂ ವಿಶ್ರಾಂತಿಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವುಗಳದ್ದೇ. 70 ಕೆ.ಜಿ. ತೂಕದ ಗಂಡಸಿನ ಮೈಯಲ್ಲಿರುವ ಸುಮಾರು 28 ಕೆ.ಜಿ. ಸ್ನಾಯುವಿಗೆ ಸಿಗುವುದು ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ.

‘ಒಂದು ಪೌಂಡ್ ಸ್ನಾಯು ದಿನಕ್ಕೆ 50 ಕ್ಯಾಲೊರಿ ಸುಡುತ್ತದೆ’ ಎಂಬ ಸಾಲು ವರ್ಷಗಳಿಂದ ಕೈಬದಲಾಗುತ್ತಾ ಬಂದಿದೆ. ಅದು ನಿಜವಾಗಿದ್ದರೆ ಇದೇ ಗಂಡಸಿನ ಸ್ನಾಯುಗಳೊಂದೇ ಮಲಗಿದಲ್ಲಿ 3,000 ಕ್ಯಾಲೊರಿ ಕರಗಿಸಬೇಕಿತ್ತು. ಆಗ ತೂಕದ ಚಿಂತೆ ಯಾರಿಗೂ ಇರುತ್ತಿರಲಿಲ್ಲ.

ಭಾರ ಎತ್ತುವಾಗ ಖರ್ಚಾಗುವುದೂ ದೊಡ್ಡದಲ್ಲ. 70 ಕೆ.ಜಿ. ತೂಕದವರು ನಲವತ್ತು ನಿಮಿಷ ಸಾಧಾರಣ ವೇಗದಲ್ಲಿ ವ್ಯಾಯಾಮ ಮಾಡಿದರೆ 150ರಿಂದ 230 ಕ್ಯಾಲೊರಿ. ಒಂದು ಗಂಟೆ ನಡೆದರೂ ಹೆಚ್ಚುಕಡಿಮೆ ಅಷ್ಟೇ. ವ್ಯಾಯಾಮ ಮುಗಿದ ಮೇಲೂ ಗಂಟೆಗಟ್ಟಲೆ ಕೊಬ್ಬು ಕರಗುತ್ತಿರುತ್ತದೆ ಎನ್ನುವ ಪ್ರಚಾರವಿದೆಯಲ್ಲ, ಆ ಪರಿಣಾಮ ಇರುವುದು ಹೌದು, ಆದರೆ ಒಂದು ಬಿಸ್ಕತ್ತಿನ ಎರಡು ಬಿಸ್ಕತ್ತಿನ ಮಟ್ಟದ್ದು.

ಮತ್ತೇಕೆ ಸ್ನಾಯುವಿನ ಮಾತು?

ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ಇಳಿಯುವುದೆಲ್ಲ ಕೊಬ್ಬಲ್ಲ. ವ್ಯಾಯಾಮವಿಲ್ಲದೆ ಬರೀ ಪಥ್ಯದಿಂದ ಇಳಿದ ತೂಕದಲ್ಲಿ ಸುಮಾರು ಕಾಲುಭಾಗ ಕೊಬ್ಬಲ್ಲದ್ದು. ಅದರಲ್ಲಿ ಸ್ನಾಯುವಿನ ಪಾಲು ದೊಡ್ಡದು. ಅವಸರದ ಪಥ್ಯದಲ್ಲಿ ಇನ್ನೂ ಹೆಚ್ಚು ಹೋಗುತ್ತದೆ. ಬರಗಾಲದಲ್ಲಿ ರೈತ ದುಡಿಯದ ಎತ್ತನ್ನು ಮೊದಲು ಸಂತೆಗೆ ಹೊಡೆಯುವಂತೆ, ಊಟ ಸಾಲದಾದಾಗ ದೇಹವೂ ಕೆಲಸವಿಲ್ಲದ ಸ್ನಾಯುವನ್ನು ಬಿಟ್ಟುಕೊಡುತ್ತದೆ. ಕೆಲಸ ಕೊಟ್ಟರೆ ಇಟ್ಟುಕೊಳ್ಳುತ್ತದೆ. ಭಾರ ಎತ್ತುವುದರ ಮುಖ್ಯ ಉದ್ದೇಶ ಇದೇ: ಕ್ಯಾಲೊರಿ ಸುಡುವುದಕ್ಕಲ್ಲ, ಇಳಿಯುವ ತೂಕ ಕೊಬ್ಬಿನಿಂದಲೇ ಇಳಿಯಲಿ ಎಂದು.

ಬರೀ ಪಥ್ಯದಿಂದ ಇಳಿಸಿದ ತೂಕ ಮತ್ತೆ ಏರಿದಾಗ ಹೆಚ್ಚಾಗಿ ಏರುವುದು ಕೊಬ್ಬು. ಮೂರು ನಾಲ್ಕು ಸಲ ಪಥ್ಯ ಮಾಡಿ ಬಿಟ್ಟವರು ಮೊದಲಿನ ತೂಕಕ್ಕೇ ವಾಪಸು ಬಂದರೂ ಮೊದಲಿನ ಮೈಗೆ ವಾಪಸು ಬಂದಿರುವುದಿಲ್ಲ. ತೂಕ ಇಳಿಸುವ ಈಚಿನ ಚುಚ್ಚುಮದ್ದುಗಳನ್ನು ವೈದ್ಯರ ಸಲಹೆಯಂತೆ ತೆಗೆದುಕೊಳ್ಳುತ್ತಿರುವವರಿಗೂ ಇದು ಅನ್ವಯಿಸುತ್ತದೆ. ಹಸಿವೇ ಆಗದಿದ್ದಾಗ ಪ್ರೋಟೀನ್ ತಪ್ಪುತ್ತದೆ, ಸ್ನಾಯು ಸದ್ದಿಲ್ಲದೆ ಸವೆಯುತ್ತದೆ.

ಇನ್ನೊಂದು ಕಾರಣ ನಮ್ಮ ದೇಶದವರಿಗೆ ಹತ್ತಿರದ್ದು. 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮದೇ ಫೋಟೊ ಪ್ರಕಟಿಸಿದರು: ಪುಣೆಯ ಚಿತ್ತರಂಜನ್ ಯಾಜ್ನಿಕ್ ಮತ್ತು ಬ್ರಿಟನ್ನಿನ ಜಾನ್ ಯಡ್ಕಿನ್. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಒಂದೇ, 22.3. ಆದರೆ ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1 ಇದ್ದರೆ ಯಾಜ್ನಿಕ್ ಮೈಯಲ್ಲಿ ಶೇ 21.2. ಅದೇ ಎತ್ತರ–ತೂಕದ ಅಳತೆಯಲ್ಲಿ ಭಾರತೀಯರಿಗೆ ಸಾಮಾನ್ಯವಾಗಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುವೇ ಆದ್ದರಿಂದ, ಇರುವ ಅಲ್ಪ ಸ್ವಲ್ಪವನ್ನು ಪಥ್ಯದಲ್ಲಿ ಕಳೆದುಕೊಳ್ಳುವುದು ಮಧುಮೇಹದ ಭಯವಿರುವ ಮನೆತನಗಳಿಗೆ ಒಳ್ಳೆಯ ವ್ಯಾಪಾರವಲ್ಲ.

‘ನಲವತ್ತು ದಾಟಿತು, ಚಯಾಪಚಯ ನಿಧಾನವಾಯಿತು, ಅದಕ್ಕೇ ದಪ್ಪಗಾದೆ’ ಎನ್ನುವವರಿಗೆ ಒಂದು ಮಾತು. ಆರು ಸಾವಿರಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟು ಮಾಡಿ 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೇಹದ ಗಾತ್ರ ಮತ್ತು ಸ್ನಾಯು–ಕೊಬ್ಬಿನ ಪ್ರಮಾಣವನ್ನು ಲೆಕ್ಕಕ್ಕೆ ಹಿಡಿದರೆ 20ರಿಂದ 60ರವರೆಗೆ ಶಕ್ತಿಯ ಖರ್ಚು ಬಹುತೇಕ ಸ್ಥಿರ. ನಲವತ್ತರಲ್ಲಿ ಕಡಿಮೆಯಾಗಿರುವುದು ಓಡಾಟ ಮತ್ತು ಸ್ನಾಯು. ಎರಡೂ ವಾಪಸು ಪಡೆಯಬಹುದಾದಂಥವು.

ಮೊದಲ ಹೆಜ್ಜೆ: ಅಳತೆ

ತೂಕದ ಯಂತ್ರದ ಜೊತೆಗೆ ದರ್ಜಿಯ ಟೇಪು ಒಂದಿರಲಿ. ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಏನನ್ನೂ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ದಿನದಿನದ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳದೆ ವಾರದ ಸರಾಸರಿಯನ್ನು ಮಾತ್ರ ಹೋಲಿಸಿ. ಕೆಳಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಸಹಜವಾಗಿ ಉಸಿರು ಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ ಸುತ್ತಳತೆ ತೆಗೆದುಕೊಳ್ಳಿ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಬಿಎಂಐ ಏನೇ ಹೇಳಲಿ, ಹೊಟ್ಟೆಯ ಕೊಬ್ಬು ಹೆಚ್ಚಾಗಿದೆ ಎಂದು ತಿಳಿಯಬೇಕು.

ಮೂರನೆಯ ಅಳತೆ ಕಾಲಿನ ಶಕ್ತಿಯದ್ದು. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಣಿಸಿ. 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಕಾಲಿನ ಬಲ ಸರಾಸರಿಗಿಂತ ಕಡಿಮೆ ಎಂದು ವೈದ್ಯರು ಎಣಿಸುತ್ತಾರೆ. ನಿಮಗೆ ಮೂವತ್ತೈದೇ ಆಗಿದ್ದು ಹನ್ನೆರಡಕ್ಕೆ ಏದುಸಿರು ಬಂದರೆ ಹೆಚ್ಚು ವಿವರಣೆ ಬೇಡ. ಈ ಸಂಖ್ಯೆಯನ್ನು ತಿಂಗಳಿಗೊಮ್ಮೆ ನೋಡಿ. ಅಂಗಡಿಯಲ್ಲಿ ಸಿಗುವ, ಮೇಲೆ ನಿಂತರೆ ಕೊಬ್ಬು–ಸ್ನಾಯುವಿನ ಶೇಕಡಾವಾರು ತೋರಿಸುವ ಯಂತ್ರಗಳನ್ನು ನಾನು ಹೆಚ್ಚು ನೆಚ್ಚುವುದಿಲ್ಲ. ಅವು ಮೈಯಲ್ಲಿರುವ ನೀರನ್ನು ಆಧರಿಸಿ ಅಂದಾಜು ಹೇಳುತ್ತವೆ. ನೀರು ಕುಡಿದಾಗ ಒಂದು, ಬೆವರಿದಾಗ ಇನ್ನೊಂದು.

ಎರಡನೆಯದು: ಎಷ್ಟು ಕಡಿಮೆ ತಿನ್ನಬೇಕು?

ಸುಮ್ಮನಿರುವಾಗ ದೇಹ ದಿನಕ್ಕೆ ಎಷ್ಟು ಕ್ಯಾಲೊರಿ ಖರ್ಚು ಮಾಡುತ್ತದೆ ಎಂದು ಅಂದಾಜಿಸಲು ಮಿಫ್ಲಿನ್–ಸೇಂಟ್ ಜಿಯರ್ ಸೂತ್ರ 1990ರಿಂದ ಬಳಕೆಯಲ್ಲಿದೆ. ಕೆ.ಜಿ.ಯಲ್ಲಿ ತೂಕವನ್ನು 10ರಿಂದ, ಸೆಂ.ಮೀ.ನಲ್ಲಿ ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಗಂಡಸರಾದರೆ 5 ಕೂಡಿಸಿ, ಹೆಂಗಸರಾದರೆ 161 ಕಳೆಯಿರಿ. 42 ವರ್ಷದ, 155 ಸೆಂ.ಮೀ. ಎತ್ತರದ, 68 ಕೆ.ಜಿ. ತೂಕದ ಮಹಿಳೆಗೆ ಸುಮಾರು 1,280 ಬರುತ್ತದೆ. ಕುಳಿತು ಮಾಡುವ ಕೆಲಸ, ಸ್ವಲ್ಪ ಮನೆಗೆಲಸ ಇದ್ದರೆ ಅದನ್ನು 1.4ರಿಂದ ಗುಣಿಸಿ: ದಿನದ ಒಟ್ಟು ಖರ್ಚು 1,790 ಆಸುಪಾಸು. ಇದು ಅಂದಾಜು, ನೂರಿನ್ನೂರು ಆಚೀಚೆ ಆಗಬಹುದು.

ಇದರಲ್ಲಿ 300ರಿಂದ 500 ಕಡಿಮೆ ಮಾಡಿ, ಹೆಚ್ಚು ಬೇಡ. 400 ಕಡಿಮೆ ಮಾಡಿದರೆ ತಿಂಗಳಿಗೆ ಸುಮಾರು ಒಂದೂವರೆ ಕೆ.ಜಿ. ಕೊಬ್ಬು (ಒಂದು ಕೆ.ಜಿ. ಮೈಕೊಬ್ಬಿಗೆ 7,700 ಕ್ಯಾಲೊರಿ ಲೆಕ್ಕ). ‘ಅಷ್ಟೇ ಏನು?’ ಎನಿಸುತ್ತದೆ. ಮದುವೆ ಹತ್ತಿರ ಬಂತೆಂದು ಬಾಯಿಗೆ ಬೀಗ ಹಾಕಿ ಹತ್ತು ದಿನದಲ್ಲಿ ನಾಲ್ಕು ಕೆ.ಜಿ. ಇಳಿಸಿದವರ ಕಥೆಗಳು ಎಲ್ಲರ ಮನೆಯಲ್ಲೂ ಇವೆ. ಅದರಲ್ಲಿ ಬಹುಪಾಲು ನೀರು. ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರವಾಗಿರುವ ಗ್ಲೈಕೊಜೆನ್ ಎಂಬ ಪಿಷ್ಟದ ಪ್ರತಿ ಗ್ರಾಂ ತನ್ನೊಡನೆ ಸುಮಾರು 3 ಗ್ರಾಂ ನೀರು ಹಿಡಿದಿರುತ್ತದೆ. ಅನ್ನ–ರೊಟ್ಟಿ ಬಿಟ್ಟ ಮೊದಲ ವಾರ ಅದು ಖಾಲಿಯಾಗುತ್ತದೆ. ಮದುವೆ ಊಟದ ಮಾರನೇ ದಿನ ತುಂಬಿಕೊಳ್ಳುತ್ತದೆ.

ಮೂರನೆಯದು: ತಟ್ಟೆಯಲ್ಲಿ ಪ್ರೋಟೀನ್

ನಮ್ಮ ಅಡುಗೆಯಲ್ಲಿ ಎಡವುವುದು ಇಲ್ಲೇ. ಬೆಳಿಗ್ಗೆ ಮೂರು ಇಡ್ಲಿ–ಚಟ್ನಿ, ಮಧ್ಯಾಹ್ನ ಅನ್ನ, ತಿಳಿಸಾರು, ಪಲ್ಯ, ಮಜ್ಜಿಗೆ, ಸಂಜೆ ಕಾಫಿ–ಬಿಸ್ಕತ್, ರಾತ್ರಿ ಎರಡು ಚಪಾತಿ. ಹೊಟ್ಟೆ ತುಂಬಿದೆ, ಆದರೆ ಇಷ್ಟರಲ್ಲಿ ಪ್ರೋಟೀನ್ 35 ಗ್ರಾಂ ದಾಟುವುದು ಕಷ್ಟ. ತಿಳಿಸಾರಿನಲ್ಲಿ ಬೇಳೆ ಮುಖ ತೋರಿಸಿ ಹೋಗಿರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆರೋಗ್ಯವಂತರಿಗೆ ಹೇಳುವ ಪ್ರಮಾಣವೇ ಕೆ.ಜಿ. ತೂಕಕ್ಕೆ 0.83 ಗ್ರಾಂ. ಊಟ ಕಡಿಮೆ ಮಾಡಿ ಭಾರ ಎತ್ತುವ ಕಾಲದಲ್ಲಿ 1.2 ಗ್ರಾಂ ಆದರೂ ಬೇಕು, 1.6ರವರೆಗೆ ಹೋಗಬಹುದು. ತೂಕ ತೀರಾ ಹೆಚ್ಚಿರುವವರು ಈಗಿನ ತೂಕದ ಬದಲು ತಲುಪಬೇಕೆಂದಿರುವ ತೂಕಕ್ಕೆ ಲೆಕ್ಕ ಹಾಕಿಕೊಳ್ಳಲಿ. ನಮ್ಮ 68 ಕೆ.ಜಿ. ಮಹಿಳೆಗೆ ದಿನಕ್ಕೆ ಸುಮಾರು 80 ಗ್ರಾಂ ಗುರಿ.

ಕೊರತೆ ತುಂಬುವುದು ಹೀಗೆ: ಒಂದು ಮೊಟ್ಟೆಯಲ್ಲಿ 6 ಗ್ರಾಂ. ಕಾಲು ಲೀಟರ್ ಹಾಲಿನಲ್ಲಿ 8. ಒಣ ಹೆಸರುಕಾಳು, ಹುರುಳಿ, ಅಲಸಂದೆ, ತೊಗರಿಬೇಳೆ ಯಾವುದಾದರೂ 50 ಗ್ರಾಂ ತೂಗಿ ಬೇಯಿಸಿದರೆ 11–12. ಸೋಯಾ ಚಂಕ್ಸ್ 30 ಗ್ರಾಂಗೆ 15. ರುಚಿಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ, ಆದರೆ ಸಾಗುವಿನಲ್ಲಿ ಮರೆಸಬಹುದು. ನೂರು ಗ್ರಾಂ ಕೋಳಿ ಅಥವಾ ಮೀನಿನಲ್ಲಿ ಸುಮಾರು 20. ಬಸ್ಸಾರು ಮಾಡುವ ಮನೆಗಳಲ್ಲಿ ಒಂದು ಅನುಕೂಲವಿದೆ: ಬಸಿದ ಕಟ್ಟು ಸಾರಿಗೆ ಹೋಗುತ್ತದೆ, ಕಾಳು ಪಲ್ಯಕ್ಕೆ ಉಳಿಯುತ್ತದೆ. ಮುದ್ದೆ ಅರ್ಧ ಮಾಡಿ ಆ ಪಲ್ಯವನ್ನು ಎರಡು ಪಟ್ಟು ಬಡಿಸಿಕೊಳ್ಳಿ. ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆ ಮಡಕೆಕಾಳಿನ ಪಲ್ಯವನ್ನು ಹಾಗೇ ಮಾಡಲಿ. ಶೇಂಗಾ ಮಾತ್ರ ಕೈ ಬಿಗಿ ಹಿಡಿದು: ಹಿಡಿ ಶೇಂಗಾದಲ್ಲಿ 7 ಗ್ರಾಂ ಪ್ರೋಟೀನ್ ಇರುವುದು ಹೌದು, ಜೊತೆಗೆ 170 ಕ್ಯಾಲೊರಿ.

ಪ್ರೋಟೀನಿಗೆ ಇನ್ನೊಂದು ಗುಣವಿದೆ. ಅದನ್ನು ಅರಗಿಸಲು ದೇಹ ಅದರಲ್ಲಿರುವ ಶಕ್ತಿಯ ಶೇ 20–30ನ್ನು ಅಲ್ಲೇ ಖರ್ಚು ಮಾಡುತ್ತದೆ. ಅನ್ನ–ಸಕ್ಕರೆಯಂಥವಕ್ಕೆ ಶೇ 5–10, ಎಣ್ಣೆ–ತುಪ್ಪಕ್ಕೆ ಹೆಚ್ಚೆಂದರೆ ಶೇ 3. ದಿನಕ್ಕೆ 40 ಗ್ರಾಂ ಪ್ರೋಟೀನ್ ಹೆಚ್ಚಿಸಿ ಅಷ್ಟೇ ಕ್ಯಾಲೊರಿಯ ಅನ್ನ ಕಡಿಮೆ ಮಾಡಿದರೆ ಅರಗಿಸುವ ಖರ್ಚೇ ಇಪ್ಪತ್ತೈದು ಮೂವತ್ತು ಕ್ಯಾಲೊರಿ ಏರುತ್ತದೆ. ಎರಡು ಕೆ.ಜಿ. ಹೊಸ ಸ್ನಾಯು ಕೊಡುವುದಕ್ಕಿಂತ ಹೆಚ್ಚು, ಅದೂ ಮೊದಲ ದಿನದಿಂದಲೇ.

ನಾಲ್ಕನೆಯದು: ಭಾರ

ಗರಡಿಯಲ್ಲಿ ಸಾಮು ತೆಗೆಯುತ್ತಿದ್ದವರ ದಂಡ–ಬಸ್ಕಿ, ಊರ ಹಬ್ಬದಲ್ಲಿ ಸಂಗ್ರಾಣಿ ಕಲ್ಲು ಎತ್ತುವವರ ಬೆನ್ನು: ನಮ್ಮ ಕಡೆ ಇದು ಹೊಸ ವಿದ್ಯೆಯೇನಲ್ಲ. ಮನೆಯಲ್ಲೇ ಶುರು ಮಾಡಬಹುದು. ವಾರಕ್ಕೆ ಎರಡರಿಂದ ಮೂರು ದಿನ, ನಡುವೆ ಒಂದು ದಿನ ಬಿಡುವು. ಐದು ಚಲನೆಗಳು ಸಾಕು.

ಬಸ್ಕಿ. ಹೊಸಬರು ಕುರ್ಚಿಯನ್ನು ಹಿಂದೆ ಇಟ್ಟುಕೊಂಡೇ ಮಾಡಲಿ. ಪಾದಗಳು ಭುಜದಷ್ಟು ಅಗಲ, ಬೆರಳುಗಳು ಸ್ವಲ್ಪ ಹೊರಕ್ಕೆ. ಕುಳಿತುಕೊಳ್ಳಲು ಹೊರಟವರಂತೆ ಸೊಂಟವನ್ನು ಹಿಂದಕ್ಕೆ ಒಯ್ಯುತ್ತಾ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ ಇಳಿಯಿರಿ. ಕುರ್ಚಿ ಚರ್ಮಕ್ಕೆ ತಾಗಿದೊಡನೆ, ಭಾರ ಬಿಡದೆ, ಹಿಮ್ಮಡಿ ಒತ್ತಿ ಮೇಲೇಳಿ. ಧೊಪ್ಪನೆ ಕುಕ್ಕರಿಸಿದರೆ ಅದು ಲೆಕ್ಕಕ್ಕಿಲ್ಲ. ಎರಡನೇ ಅಥವಾ ಮೂರನೇ ವಾರಕ್ಕೆ ಇದು ಸಲೀಸಾಗುತ್ತದೆ. ಆಗ ಬೆನ್ನಿನ ಚೀಲವನ್ನು ಎದೆಯ ಕಡೆ ತೊಟ್ಟು ಅದರಲ್ಲಿ ಒಂದೆರಡು ಕೆ.ಜಿ. ಅಕ್ಕಿ ಹಾಕಿ. ಮುಂದೆ ಐದು ಕೆ.ಜಿ.

ದಂಡ. ನೇರ ನೆಲದ ಮೇಲೆ ಆಗದವರು ಗೋಡೆಗೆ ಕೈಯೂರಿ, ಆಮೇಲೆ ಅಡುಗೆಕಟ್ಟೆಗೆ, ಆಮೇಲೆ ಮಂಚದ ಅಂಚಿಗೆ, ಕೊನೆಗೆ ನೆಲಕ್ಕೆ. ಕೈಯೂರುವ ಎತ್ತರ ಇಳಿದಷ್ಟೂ ಭಾರ ಏರುತ್ತದೆ.

ಎಳೆಯುವುದು. ಒಂದು ಕೈಯನ್ನು ಕುರ್ಚಿಯ ಮೇಲೆ ಊರಿ, ಬೆನ್ನು ನೇರವಾಗಿಟ್ಟು ಬಾಗಿ, ಇನ್ನೊಂದು ಕೈಯಿಂದ ತುಂಬಿದ ಕೈಚೀಲವನ್ನು ಸೊಂಟದವರೆಗೆ ಎಳೆಯಿರಿ. ಹಿಂದೆ ಬಾವಿಯಿಂದ ನೀರು ಸೇದುವಾಗ ಬೆನ್ನಿಗೆ ತಾನಾಗಿ ಸಿಗುತ್ತಿದ್ದ ಕೆಲಸ ಇದು. ಈಗ ಕೇಳಿ ಕೊಡಬೇಕಾಗಿದೆ.

ನೆಲದಿಂದ ಎತ್ತುವುದು. ಬಕೆಟ್ ಒಳ್ಳೆಯ ಸಲಕರಣೆ, ಏಕೆಂದರೆ ಒಂದು ಲೀಟರ್ ನೀರು ಎಂದರೆ ಸರಿಯಾಗಿ ಒಂದು ಕೆ.ಜಿ. ಎರಡು ಪಾದಗಳ ನಡುವೆ ಇಟ್ಟು, ಬೆನ್ನು ಗೂನಾಗದಂತೆ ಸೊಂಟದಿಂದ ಬಾಗಿ, ಮೊಣಕಾಲು ತುಸು ಮಡಿಸಿ, ಎತ್ತಿ ನೇರ ನಿಲ್ಲಿ. ಐದು ಲೀಟರಿನಿಂದ ಶುರು.

ಹೊತ್ತು ನಡೆಯುವುದು. ಎರಡು ಕೈಯಲ್ಲೂ ಸಮ ತೂಕದ ಬಕೆಟ್ ಹಿಡಿದು, ತುಳುಕದಂತೆ, ಅರ್ಧ ನಿಮಿಷ ನಡೆಯಿರಿ.

ಹೊತ್ತು ನಡೆಯುವುದೊಂದನ್ನು ಬಿಟ್ಟು ಪ್ರತಿಯೊಂದನ್ನೂ 8ರಿಂದ 15 ಸಲ, ಎರಡು ಮೂರು ಸುತ್ತು, ನಡುವೆ ಒಂದೆರಡು ನಿಮಿಷ ವಿಶ್ರಾಂತಿ. ಇಡೀ ವಿಷಯದ ಕೀಲಿ ಇರುವುದು ಇಲ್ಲಿ: ಪ್ರತಿ ಸುತ್ತಿನ ಕೊನೆಗೆ ‘ಇನ್ನು ಎರಡು ಮಾಡಬಹುದು, ಮೂರನೆಯದು ಆಗುವುದಿಲ್ಲ’ ಎನಿಸುವಂತಿರಬೇಕು. ಇಪ್ಪತ್ತು ಸಲ ಮಾಡಿಯೂ ಮಾತಾಡುತ್ತಾ ನಿಂತಿದ್ದೀರಿ ಎಂದರೆ ಸ್ನಾಯುವಿಗೆ ಸುದ್ದಿಯೇ ಮುಟ್ಟಿಲ್ಲ, ಭಾರ ಹೆಚ್ಚಿಸಿ. ಅರ್ಧ ಕೆ.ಜಿ. ಡಂಬೆಲ್ಲನ್ನು ವರ್ಷಗಟ್ಟಲೆ ಬೀಸುವುದರಿಂದ ಬೆವರು ಬಂದೀತು, ಬಲ ಬಾರದು. ಮಾಡಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಹಿಂದಿನ ವಾರಕ್ಕಿಂತ ಒಂದಾದರೂ ಹೆಚ್ಚು ಮಾಡಿ.

‘ಭಾರ ಎತ್ತಿದರೆ ಗಂಡಸಿನಂತೆ ಮೈ ಬೆಳೆಯುತ್ತದೆ’ ಎಂದು ಹೆದರುವ ಹೆಂಗಸರಿದ್ದಾರೆ. ಪ್ರತಿದಿನ ಪ್ರಾಣ ಬಿಟ್ಟು ದುಡಿಯುವ ಹುಡುಗರಿಗೇ ಅಷ್ಟು ಸುಲಭವಾಗಿ ಬೆಳೆಯದ ಸ್ನಾಯು, ಊಟ ಕಡಿಮೆ ಮಾಡಿ ವಾರಕ್ಕೆರಡು ದಿನ ಬಕೆಟ್ ಎತ್ತುವವರಿಗೆ ಬೆಳೆದುಬಿಡುವುದಿಲ್ಲ. ವಯಸ್ಸಾಯಿತು ಎನ್ನುವವರಿಗೆ 1990ರ ಅಮೆರಿಕದ ಒಂದು ಅಧ್ಯಯನ ಉತ್ತರ ಕೊಟ್ಟಿದೆ: ಆರೈಕೆ ಕೇಂದ್ರದಲ್ಲಿದ್ದ ಸರಾಸರಿ 90 ವರ್ಷದ ಹಿರಿಯರು ಎಂಟು ವಾರ ಭಾರದ ವ್ಯಾಯಾಮ ಮಾಡಿದಾಗ ಅವರ ತೊಡೆಯ ಬಲ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು.

ಐದನೆಯದು: ಉಳಿದ ಇಪ್ಪತ್ತಮೂರು ಗಂಟೆ

ವ್ಯಾಯಾಮವಲ್ಲದ ಓಡಾಟ, ಅಂದರೆ ಮೆಟ್ಟಿಲು, ಮಾರುಕಟ್ಟೆ, ಕಸ ಗುಡಿಸುವುದು, ನಿಂತು ಫೋನಿನಲ್ಲಿ ಮಾತಾಡುವುದು, ಇವೆಲ್ಲ ಸೇರಿ ಒಂದೇ ಗಾತ್ರದ ಇಬ್ಬರ ನಡುವೆ ದಿನಕ್ಕೆ ನೂರಾರು ಕ್ಯಾಲೊರಿಗಳ ವ್ಯತ್ಯಾಸ ತರುತ್ತವೆ. ಪಥ್ಯ ಶುರುವಾದಾಗ ದೇಹ ಮೊದಲು ಕತ್ತರಿ ಹಾಕುವುದು ಇದಕ್ಕೇ. ನಮಗೇ ತಿಳಿಯದೆ ಸೋಫಾದಿಂದ ಏಳುವುದು ಕಡಿಮೆಯಾಗುತ್ತದೆ. ಹಾಗಾಗಿ ಮೊಬೈಲಿನಲ್ಲಿ ಹೆಜ್ಜೆ ಎಣಿಸಿಕೊಂಡು, ಪಥ್ಯಕ್ಕೆ ಮೊದಲು ಎಷ್ಟಿತ್ತೋ ಅದಕ್ಕಿಂತ ಇಳಿಯದಂತೆ ನೋಡಿಕೊಳ್ಳಿ, ಸಾಧ್ಯವಾದರೆ ಎರಡು ಸಾವಿರ ಏರಿಸಿ. ಬಲಗೊಂಡ ಕಾಲು ಇಲ್ಲಿ ನೆರವಿಗೆ ಬರುತ್ತದೆ. ಮೆಟ್ಟಿಲು ಹತ್ತುವುದು ಹಿಂಸೆಯಾಗದಿದ್ದಾಗ ಲಿಫ್ಟಿನ ನೆನಪಾಗುವುದಿಲ್ಲ.

ನಿದ್ರೆಯೂ ಲೆಕ್ಕದಲ್ಲಿದೆ. 2010ರಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗದಲ್ಲಿ ಒಂದೇ ಬಗೆಯ ಪಥ್ಯದಲ್ಲಿದ್ದ ಹತ್ತು ಜನರು ಎರಡು ವಾರ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಹಾಸಿಗೆಯಲ್ಲಿ ಕಳೆದರು. ಇಳಿದ ತೂಕ ಎರಡರಲ್ಲೂ ಸರಿಸುಮಾರು ಒಂದೇ. ಆದರೆ ನಿದ್ರೆ ಕೆಟ್ಟಾಗ ಇಳಿದ ಕೊಬ್ಬು ಅರ್ಧಕ್ಕಿಂತಲೂ ಕಡಿಮೆ. ಉಳಿದದ್ದನ್ನು ತೆತ್ತದ್ದು ಸ್ನಾಯು ಮೊದಲಾದವು.

ತೂಕ ನಿಂತುಹೋದಾಗ

ಹೊಸದಾಗಿ ಭಾರ ಎತ್ತಲು ಆರಂಭಿಸಿದವರ ಸ್ನಾಯುಗಳು ನೀರು ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದ ಮೊದಲ ಎರಡು ಮೂರು ವಾರ ಮುಳ್ಳು ಕದಲದಿರಬಹುದು, ತುಸು ಏರಲೂಬಹುದು. ಸುತ್ತಳತೆ ಇಳಿಯುತ್ತಿದ್ದರೆ, ಕುರ್ಚಿಯ ಲೆಕ್ಕ ಏರುತ್ತಿದ್ದರೆ ಏನನ್ನೂ ಬದಲಿಸಬೇಡಿ. ನಾಲ್ಕು ವಾರ ತೂಕವೂ ಸುತ್ತಳತೆಯೂ ಇದ್ದಲ್ಲೇ ಇದ್ದರೆ ಸೂತ್ರವನ್ನು ಹೊಸ ತೂಕಕ್ಕೆ ಮತ್ತೆ ಹಾಕಿ, ಎಣ್ಣೆ, ಸಕ್ಕರೆ, ಸಂಜೆಯ ಕುರುಕಲು ಈ ಮೂರನ್ನು ಒಂದು ವಾರ ಪ್ರಾಮಾಣಿಕವಾಗಿ ಬರೆದು ನೋಡಿ. ಮೈ ಚಿಕ್ಕದಾದಂತೆ ಖರ್ಚೂ ಚಿಕ್ಕದಾಗುತ್ತದೆ, ಸ್ನಾಯು ಉಳಿಸಿಕೊಂಡವರಿಗೂ ಇದು ತಪ್ಪಿದ್ದಲ್ಲ. ಅಮೆರಿಕದ ಟಿ.ವಿ. ಸ್ಪರ್ಧೆಯೊಂದರಲ್ಲಿ ಕಠಿಣ ವ್ಯಾಯಾಮ ಮಾಡಿ ಭಾರಿ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದಾಗ, ಅವರ ವಿಶ್ರಾಂತಿಯ ಖರ್ಚು ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ನಿಧಾನವಾಗಿ ಇಳಿಸಿ ಎನ್ನಲು ನನಗೆ ಇದೂ ಒಂದು ಕಾರಣ.

ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು, ಹೃದ್ರೋಗ, ಅಂಡವಾಯು, ಮೂಳೆ ಸವೆತ ಇರುವವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕಾಣಬೇಕು. ಮೂತ್ರಪಿಂಡದ ತೊಂದರೆ ಇರುವವರು ಮೇಲೆ ಹೇಳಿದ ಪ್ರೋಟೀನ್ ಲೆಕ್ಕವನ್ನು ತಾವಾಗಿಯೇ ಅನುಸರಿಸಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ಔಷಧಿಯ ಪ್ರಮಾಣದ ಬಗ್ಗೆ ಕೇಳಿಕೊಳ್ಳಲಿ. ಸಕ್ಕರೆ ತೀರಾ ಇಳಿದು ತಲೆಸುತ್ತಿ ಬೀಳುವ ಅಪಾಯವಿದೆ. ಭಾರ ಎತ್ತುವಾಗ ಯಾರೂ ಉಸಿರು ಬಿಗಿಹಿಡಿಯಬೇಡಿ, ಎತ್ತುವಾಗ ಉಸಿರು ಹೊರಗೆ ಬಿಡಿ.

ಬೇಕಾದ ತೂಕಕ್ಕೆ ಬಂದ ಮೇಲೆ ಊಟವನ್ನು ವಾರಕ್ಕೆ ನೂರು ಕ್ಯಾಲೊರಿಯಂತೆ ಏರಿಸುತ್ತಾ, ತೂಕ ನಿಂತ ಕಡೆ ನಿಲ್ಲಿಸಿ. ವ್ಯಾಯಾಮವನ್ನು ಆಗ ಮೂರು ದಿನದಿಂದ ಎರಡಕ್ಕೆ, ಮೂರು ಸುತ್ತಿನಿಂದ ಒಂದೆರಡಕ್ಕೆ ತಗ್ಗಿಸಬಹುದು; ಇರುವುದನ್ನು ಉಳಿಸಿಕೊಳ್ಳಲು ಕಟ್ಟುವಾಗಿನಷ್ಟು ದುಡಿಮೆ ಬೇಡ. ಚೀಲದಲ್ಲಿರುವ ಅಕ್ಕಿಯನ್ನು ಮಾತ್ರ ಕಡಿಮೆ ಮಾಡಬೇಡಿ.